ಚಪ್ಪಲಿಗೆ ಹತ್ತಿದ ಕಲ್ಲು

ಕರಿಮಣ್ಣಿನ ಎರೆಸೀಮೆಯಲ್ಲಿ ಮಳೆ ಹೊಳವಾದ ಮರುದಿನ ಹೊಲದ ದಾರಿ ಹಿಡಿದವನ ಕಾಲಿಗೆ ಒದಗುವ ಗತಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರಿಗೆ ಹೊಸದಲ್ಲ. ಹತ್ತು ಹೆಜ್ಜೆಗೆ ಚಪ್ಪಲಿ ಒಂದು ಬೆರಳಿನಷ್ಟು, ಇಪ್ಪತ್ತು ಹೆಜ್ಜೆಗೆ ಒಂದು ಹಿಡಿಯಷ್ಟು ಎತ್ತರವಾಗುತ್ತದೆ. ಎರಡೂ ಕಾಲಿಗೆ ಒಂದೇ ಅಳತೆಯ ಮಣ್ಣು ಹತ್ತುವುದಿಲ್ಲವಾದ್ದರಿಂದ ನೆಟ್ಟಗೆ ನಡೆಯುವವನೂ ಕುಂಟುತ್ತಾನೆ. ಕೊಡವಿದರೆ ಬೀಳುವುದಿಲ್ಲ, ಕಾಲು ಝಾಡಿಸಿದರೆ ಮಣ್ಣು ಅಲ್ಲಿಯೇ ಉಳಿದು ಚಪ್ಪಲಿಯ ಉಂಗುಟ ಕಿತ್ತು ಬರುತ್ತದೆ. ಕೊನೆಗೆ ಬದುವಿನ ಮೇಲೆ ಕುಳಿತು ಜಾಲಿಯ ಕಡ್ಡಿಯಿಂದ ಮಣ್ಣು ಕೆರೆಯುವುದೊಂದೇ ಉಳಿದ ದಾರಿ, ಮತ್ತು ಹಾಗೆ ಕೆರೆಯುವಾಗ ಮನುಷ್ಯನಿಗೆ ಬೇರೆ ಕೆಲಸವಿಲ್ಲದ ಕಾರಣ ಕೈಯಲ್ಲಿದ್ದ ಹೆಂಟೆಯ ಬಗ್ಗೆ ವಿಚಾರ ಮಾಡುವ ದುರಭ್ಯಾಸ ಹತ್ತುತ್ತದೆ. ರೈತನಾದವನು ಹೆಂಟೆಯನ್ನು ಹೊಲಕ್ಕೇ ಎಸೆದು ಎದ್ದು ಹೋಗುತ್ತಾನೆ. ಪ್ರಬಂಧ ಬರೆಯುವ ಜಾತಿಯವನು ಮಾತ್ರ ಅದನ್ನು ಹಿಡಿದುಕೊಂಡೇ ಕುಳಿತು ಕಿಣ್ಣಿ ಸುಲ್ತಾನದಿಂದ ಆಳಂದಕ್ಕೆ ಹೋಗುವ ಬಸ್ಸು ತಪ್ಪಿಸಿಕೊಳ್ಳುತ್ತಾನೆ.

ಆ ಹೆಂಟೆ ಒಂದು ಕಾಲಕ್ಕೆ ಕಲ್ಲಾಗಿತ್ತು ಎಂಬುದು ಕೇಳಲು ಸಾಧಾರಣ ಸಂಗತಿಯೆನಿಸಿದರೂ ನಂಬಲು ಕಷ್ಟವಾದದ್ದು, ಏಕೆಂದರೆ ಕಲ್ಲಿನ ಒಂದು ಲಕ್ಷಣವೂ ಅದರಲ್ಲಿ ಉಳಿದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಶಿಲಾರಸ, ಅಂದರೆ ಲಾವಾ, ಒಂದರ ಮೇಲೊಂದು ಹಾಸಾಗಿ ಹರಿದು, ತಣಿದು, ಇಂದಿನ ಮಹಾರಾಷ್ಟ್ರವನ್ನೂ ಅದರ ಸುತ್ತಲಿನ ಸೀಮೆಗಳನ್ನೂ ಮುಚ್ಚಿತು. ಸವೆದು ಉಳಿದಿರುವ ಭಾಗವೇ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟಿದೆ. ಹೀಗೆ ಹೆಪ್ಪುಗಟ್ಟಿದ ಕರಿಕಲ್ಲಿಗೆ ಬಸಾಲ್ಟ್ ಎಂದೂ, ಆ ಇಡೀ ಹಾಸಿಗೆಗೆ ದಖನ್ ಟ್ರ್ಯಾಪ್ ಎಂದೂ ಹೆಸರು. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದು, ಲಾವಾದ ಹಾಸುಗಳು ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ. ಆ ಮಹಾ ಹಾಸಿಗೆಯ ತೆಂಕಣ ಅಂಚು ಬಂದು ಮುಗಿಯುವುದು ಭೀಮಾ ನದಿಯ ಈ ಆಸುಪಾಸಿನಲ್ಲಿ. ಆಳಂದ, ಅಫಜಲಪುರಗಳು ಕರಿಕಲ್ಲಿನ ಮೇಲೆ ಕುಳಿತಿವೆ. ಜೇವರ್ಗಿಯ ಕಡೆಗೆ ಸರಿದಂತೆ ಲಾವಾ ತೆಳ್ಳಗಾಗಿ, ಅದಕ್ಕಿಂತ ಹಲವು ಪಟ್ಟು ಹಳೆಯದಾದ, ಕಡಲ ತಳದಲ್ಲಿ ಪದರು ಪದರಾಗಿ ಕೂಡಿಬಂದ ಸುಣ್ಣದ ಕಲ್ಲು ತಲೆಯೆತ್ತುತ್ತದೆ. ಶಹಾಬಾದಿನ ಫರಸಿ ಎಂದು ಮನೆಮನೆಯ ನೆಲಕ್ಕೆ ಹಾಸುವ ಕಲ್ಲು ಅದೇ.

ಕಲ್ಲು ಇದ್ದಲ್ಲಿಯೇ ಸಡಿಲಗೊಂಡು ಪುಡಿಯಾಗುವುದಕ್ಕೆ ಶಾಲೆಯ ಪುಸ್ತಕದಲ್ಲಿ ಶಿಥಿಲೀಕರಣ ಎಂಬ ಹೆಸರಿದೆ. ಹಾಗೆ ಪುಡಿಯಾದದ್ದನ್ನು ನೀರೋ ಗಾಳಿಯೋ ಎತ್ತಿಕೊಂಡು ಹೋಗುವುದು ಸವೆತ. ಒಂದು ಮನೆಯೊಳಗಿನ ಜಗಳ, ಇನ್ನೊಂದು ಮನೆ ಬಿಟ್ಟು ಹೋಗುವುದು ಎಂದು ತಿಳಿದರೆ ಎರಡರ ವ್ಯತ್ಯಾಸ ಮರೆಯುವುದಿಲ್ಲ. ಆದರೆ ಶಾಲೆಯಲ್ಲಿ ಅದನ್ನು ಹಾಗೆ ಹೇಳಿಕೊಡುವುದಿಲ್ಲ. ಭೌತಿಕ, ರಾಸಾಯನಿಕ, ಜೈವಿಕ ಎಂಬ ಮೂರು ವಿಧಗಳನ್ನು ಮಾಸ್ತರರು ಕರಿಹಲಗೆಯ ಮೇಲೆ ಬರೆಯುವುದು, ಹುಡುಗರು ಅದನ್ನು ಕಂಠಪಾಠ ಮಾಡಿ ನಾಲ್ಕು ಅಂಕ ಗಳಿಸುವುದು, ಪರೀಕ್ಷೆ ಮುಗಿದ ಸಂಜೆಗೆ ಮರೆಯುವುದು — ಇದು ಈ ಸೀಮೆಯ ಎಲ್ಲ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಸಂಪ್ರದಾಯ. ಕಿಟಕಿಯಾಚೆ, ರಸ್ತೆಗೆಂದು ಗರಸು ತೆಗೆದ ತಗ್ಗಿನ ಗೋಡೆಯಲ್ಲಿ, ಅದೇ ಪಾಠ ಬಣ್ಣ ಬಣ್ಣವಾಗಿ ಬಿಚ್ಚಿಕೊಂಡಿದ್ದರೂ ಆ ಕಡೆಗೆ ನೋಡಿದ ಹುಡುಗನಿಗೆ ಸಿಗುತ್ತಿದ್ದದ್ದು ಅಂಕವಲ್ಲ, ಬೆನ್ನ ಮೇಲೊಂದು ಗುದ್ದು.

ಗರಸಿನ ತಗ್ಗನ್ನು ತಾಳ್ಮೆಯಿಂದ ನೋಡಿದವರು ಕಡಿಮೆ. ಮೇಲೆ ಮೊಳಕಾಲುದ್ದ ಕರಿಮಣ್ಣು, ಅದರ ಕೆಳಗೆ ಹಳದಿ ಬೂದು ಬಣ್ಣದ ಉದುರು ಗರಸು, ಗರಸಿನ ನಡುನಡುವೆ ಗುಂಡು ಗುಂಡಾದ ಕಲ್ಲುಗಳು, ತಳದಲ್ಲಿ ಹಾರೆಗೆ ಬಗ್ಗದ ಅಖಂಡ ಬಂಡೆ. ಗುಂಡುಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹೊರಗಿನ ಸಿಪ್ಪೆ ಕಳಚಿ ಬೀಳುತ್ತದೆ. ಅದರೊಳಗೆ ಇನ್ನೊಂದು ಸಿಪ್ಪೆ, ಅದರೊಳಗೆ ಮತ್ತೊಂದು, ಕಟ್ಟಕಡೆಗೆ ನಡುವೆ ಮುಷ್ಟಿಗಾತ್ರದ ಗಟ್ಟಿ ಕರಿಕಲ್ಲು. ಉಳ್ಳಾಗಡ್ಡಿ ಸುಲಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ; ಕಣ್ಣೀರು ಬರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಹೀಗೇಕೆ ಆಗುತ್ತದೆಂದರೆ, ಲಾವಾ ತಣಿದು ಕುಗ್ಗುವಾಗ ಬಂಡೆಯಲ್ಲಿ ಅಡ್ಡಡ್ಡ ಉದ್ದುದ್ದ ಸೀಳುಗಳು ಬಿದ್ದು ಅದು ಇಟ್ಟಿಗೆಗಳನ್ನು ಜೋಡಿಸಿಟ್ಟಂತೆ ತುಂಡು ತುಂಡಾಗಿರುತ್ತದೆ, ಆ ಸೀಳುಗಳಲ್ಲಿ ಮಳೆಯ ನೀರು ಇಳಿಯುತ್ತದೆ. ತುಂಡಿನ ಮೈಗೆ ನೀರು ಒಂದೇ ಕಡೆಯಿಂದ ತಾಗಿದರೆ ಅಂಚಿಗೆ ಎರಡು ಕಡೆಯಿಂದಲೂ ಮೂಲೆಗೆ ಮೂರು ಕಡೆಯಿಂದಲೂ ತಾಗುವುದರಿಂದ ಮೂಲೆ ಮೊದಲು ಕರಗಿ, ಅಂಚು ಆಮೇಲೆ ಕರಗಿ, ಚೌಕಾಗಿದ್ದದ್ದು ಗುಂಡಾಗುತ್ತದೆ. ಊರಿನಲ್ಲಿ ಬಹಳ ದಿನ ಪಂಚಾಯಿತಿ ಮಾಡಿದ ಹಿರಿಯರ ಮೂಲೆಗಳೂ ಹೀಗೆಯೇ ಸವೆದು ಗುಂಡಗಾಗಿರುತ್ತವೆ.

ಈ ಗುಂಡುಕಲ್ಲುಗಳ ಬಗ್ಗೆ ಹಗುರಾಗಿ ಬರೆಯುವಾಗ ಒಂದು ಕಡೆ ಕೈ ತಡೆಯುತ್ತದೆ. ಹೊಲದಲ್ಲಿ ಸುಲಭವಾಗಿ ಸಿಗುವುದರಿಂದ ಅವನ್ನೇ ಒಟ್ಟಿ, ನಡುವೆ ಮಣ್ಣು ಮೆತ್ತಿ, ತೋಳಿನುದ್ದ ದಪ್ಪದ ಗೋಡೆಗಳನ್ನು ಕಟ್ಟುವುದು ಈ ಸೀಮೆಯ ಹಳೆಯ ರೂಢಿ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ಗುಂಡುಕಲ್ಲಿಗೆ ಗುಂಡುಕಲ್ಲು ಕಚ್ಚಿಕೊಳ್ಳುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಅಂಥ ಗೋಡೆಗಳೇ ಮಲಗಿದವರ ಮೇಲೆ ಉರುಳಿದವು, ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ತೀರಿಕೊಂಡರು. ಗಣಪತಿಯನ್ನು ಕಳಿಸಿ ತಡವಾಗಿ ಮಲಗಿದ್ದ ರಾತ್ರಿ ಅದು. ಆ ವರ್ಷದ ನಂತರ ಕೆಲವು ಕಾಲ ಆಳಂದದ ಹಳ್ಳಿಗಳಲ್ಲಿ ಮನೆಯೊಳಗೆ ಮಲಗಲು ಜನ ಹೆದರಿ ಅಂಗಳದಲ್ಲಿ ಹಾಸಿಗೆ ಹಾಸುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ.

ಕಲ್ಲನ್ನು ಒಡೆಯುವುದು ಯಾವುದು ಎಂದು ಕಲಬುರಗಿ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಬಿಸಿಲು ಎಂಬ ಒಂದೇ ಉತ್ತರ ಬರುತ್ತದೆ, ಅದೂ ಸ್ವಲ್ಪ ಹೆಮ್ಮೆಯಿಂದ. ಬೇರೆ ಜಿಲ್ಲೆಯವರಿಗೆ ಜಲಪಾತಗಳೂ ಕಾಫಿತೋಟಗಳೂ ಇರುವಾಗ ತಮ್ಮದೆಂದು ಹೇಳಿಕೊಳ್ಳಲು ಒಂದು ಬಿಸಿಲಾದರೂ ಬೇಡವೆ? "ನಮ್ಮ ಕಡಿ ಬಿಸಲಿಗಿ ಕಲ್ಲ ಸೀಳತಾವ" ಎಂದು ಮುತ್ಯಾಗಳು ಹೇಳುವಾಗ ಕಲ್ಲು ಸೀಳಿದ್ದು ತಮ್ಮದೇ ಸಾಧನೆ ಎಂಬ ಧಾಟಿಯಿರುತ್ತದೆ. ಅಮೆರಿಕದ ಡೇವಿಡ್ ಗ್ರಿಗ್ಸ್ ಎಂಬ ವಿಜ್ಞಾನಿಗೆ ಈ ಮಾತಿನಲ್ಲಿ ಅನುಮಾನ ಬಂದು, ಗ್ರಾನೈಟಿನ ತುಂಡೊಂದನ್ನು ಪ್ರಯೋಗಶಾಲೆಯಲ್ಲಿ 89,400 ಸಲ ಕಾಯಿಸಿ ತಣಿಸಿದ. ದಿನಕ್ಕೊಂದು ಸಲ ಎಂದು ಲೆಕ್ಕ ಹಿಡಿದರೆ ಅದು ಸುಮಾರು 244 ವರ್ಷಗಳ ಬಿಸಿಲು ಮತ್ತು ರಾತ್ರಿ. 1936ರಲ್ಲಿ ಅವನು ಪ್ರಕಟಿಸಿದ ಫಲಿತಾಂಶದ ಪ್ರಕಾರ ಒಣಗಿದ್ದಾಗ ಕಲ್ಲಿಗೆ ಏನೂ ಆಗಲಿಲ್ಲ. ತಣಿಸುವಾಗ ನೀರು ಬಿಟ್ಟ ಮೇಲೆ ಮಾತ್ರ, ಅದಕ್ಕಿಂತ ಎಷ್ಟೋ ಕಡಿಮೆ ಸಲದಲ್ಲಿ, ಮೈ ಬಿಟ್ಟುಕೊಂಡಿತು. ಮುಷ್ಟಿಯಷ್ಟು ತುಂಡಿನ ಮೇಲೆ ಮಾಡಿದ ಪ್ರಯೋಗ ನೆಲಕ್ಕೆ ಕಚ್ಚಿಕೊಂಡ ಬಂಡೆಗೆ ಪೂರ್ತಿ ಹೊಂದುವುದಿಲ್ಲ, ಅಲುಗಾಡಲು ಜಾಗವಿಲ್ಲದ ಬಂಡೆಯನ್ನು ಬಿಸಿಲು ನಿಜಕ್ಕೂ ಸೀಳಬಲ್ಲದು ಎಂದು ಆಮೇಲಿನವರು ತಕರಾರು ತೆಗೆದಿರುವುದರಿಂದ ಮುತ್ಯಾ ಪೂರಾ ಸೋತಂತಾಗಲಿಲ್ಲ. ಆದರೂ ಮುಖ್ಯ ಕೆಲಸಗಾರ ಬಿಸಿಲಲ್ಲ, ನೀರು. ಮಳೆಯೇ ಕಡಿಮೆ ಎಂದು ಗೊಣಗುವ ಸೀಮೆಯಲ್ಲಿ ಇಷ್ಟೆಲ್ಲ ಮಣ್ಣು ಮಾಡಿದ್ದು ಆ ಕಡಿಮೆ ಮಳೆಯೇ.

ಮಳೆಯ ನೀರು ಬರಿಯ ನೀರಲ್ಲ; ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುವುದರಿಂದ ಅದು ತೀರ ತೆಳುವಾದ ಹುಳಿ, ಮಣ್ಣಿನೊಳಗೆ ಬೇರುಗಳೂ ಕ್ರಿಮಿಗಳೂ ಬಿಟ್ಟ ಉಸಿರು ಸೇರಿ ಇನ್ನಷ್ಟು ಹುಳಿಯಾಗುತ್ತದೆ. ಹುಳಿಗೆ ಕಲ್ಲು ಕರಗುವುದನ್ನು ನಂಬದವರು ಅಡುಗೆಮನೆಗೆ ಹೋಗಿ ನೋಡಬಹುದು. ಶಹಾಬಾದ್ ಫರಸಿಯ ನೆಲವನ್ನು ಕನ್ನಡಿಯಂತೆ ಹೊಳೆಯುವ ಹಾಗೆ ಪಾಲಿಶ್ ಮಾಡಿಸಿದ ಮನೆಯಲ್ಲಿ ಒಂದು ದಿನ ಯಾರೋ ಹಿಂಡಿದ ಲಿಂಬೆಯ ಹೋಳನ್ನು ಕೆಳಗಿಟ್ಟು ಮರೆತರೆ ಸಾಕು, ಮರುದಿನ ಅಲ್ಲೊಂದು ಬಿಳಿಯ ದುಂಡು ಕಲೆ. ಒರೆಸಿದರೆ ಹೋಗುವುದಿಲ್ಲ, ತಿಕ್ಕಿದರೆ ಹೋಗುವುದಿಲ್ಲ, ಹೋಗುವುದಕ್ಕೆ ಅದು ಕಲೆಯೂ ಅಲ್ಲ, ಸುಣ್ಣದ ಕಲ್ಲು ಹುಳಿಗೆ ಕರಗಿ ಮೈ ಒರಟಾದ ಜಾಗ. ಅತ್ತೆ ಸೊಸೆಯರಲ್ಲಿ ಆ ಲಿಂಬೆ ಇಟ್ಟವರು ಯಾರು ಎಂಬ ವಿಚಾರಣೆ ನಡೆಯುವ ಹೊತ್ತಿಗೆ ರಾಸಾಯನಿಕ ಶಿಥಿಲೀಕರಣದ ಸಂಪೂರ್ಣ ಪಾಠ ಕಾಲಡಿಯಲ್ಲಿ ಮುಗಿದಿರುತ್ತದೆ. ಬಚ್ಚಲು ತೊಳೆಯಲು ಆ್ಯಸಿಡ್ ಸುರಿದು ನೊರೆ ಏಳುವುದನ್ನು ಕಂಡು ಕೊಳೆ ಹೋಯಿತೆಂದು ಸಂತೋಷಪಡುವವರಿಗೆ ಹೋಗುತ್ತಿರುವುದು ಫರಸಿಯೇ ಎಂದು ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಕರಿಕಲ್ಲು ಇಷ್ಟು ಬೇಗ ಬಗ್ಗುವುದಿಲ್ಲ. ಅದು ಹಲವು ಖನಿಜಗಳ, ಅಂದರೆ ಬೇರೆ ಬೇರೆ ಗುಣದ ಹರಳುಗಳ, ಕೂಡುಕುಟುಂಬ. ಅವುಗಳಲ್ಲಿ ಮೊದಲು ಹೊರಬೀಳುವವು ಯಾವುವು ಎಂಬುದಕ್ಕೊಂದು ಕ್ರಮವಿದೆಯೆಂದು 1938ರಲ್ಲಿ ಗೋಲ್ಡಿಚ್ ಎಂಬಾತ ತೋರಿಸಿದ. ಕುದಿಯುವ ಶಿಲಾರಸದಲ್ಲಿ ಅತಿ ಹೆಚ್ಚು ಕಾವಿದ್ದಾಗ ಮೊದಲು ಹರಳುಗಟ್ಟಿದ್ದು ಈ ತಂಪು ನೆಲದಲ್ಲಿ ಮೊದಲು ಸಾಯುತ್ತದೆ, ಕೊನೆಗೆ ತಣ್ಣಗೆ ಹರಳುಗಟ್ಟಿದ ಬೆಣಚು ಬಹುಕಾಲ ಉಳಿಯುತ್ತದೆ. ಹುಟ್ಟಿದ ಮನೆಯ ಸ್ಥಿತಿಗತಿಗೂ ಈಗಿನ ಮನೆಯ ಸ್ಥಿತಿಗತಿಗೂ ಅಂತರ ಹೆಚ್ಚಾದಷ್ಟೂ ಬಾಳುವೆ ಕಷ್ಟ ಎಂಬ ಈ ಮಾತು ಹರಳಿಗೆ ಸೀಮಿತವಾದದ್ದೆಂದು ವಿಜ್ಞಾನಿಗಳು ಹೇಳುತ್ತಾರೆ. ಹೀಗೆ ಒಂದೊಂದಾಗಿ ಹರಳುಗಳು ಸತ್ತು ಉಳಿಯುವ ಬೂದಿಯೇ ಜೇಡಿ. ಎರೆಮಣ್ಣಿನ ಜೇಡಿಗೆ ಸ್ಮೆಕ್ಟೈಟ್ ಎಂದು ಹೆಸರು. ಅದರ ಒಂದೊಂದು ಕಣವೂ ಪದರಿನ ಚಪಾತಿಯಂತೆ ತೆಳ್ಳನೆಯ ಹಾಳೆಗಳ ಮಡಿಕೆಯಾಗಿದ್ದು, ಹಾಳೆಗಳ ನಡುವೆ ನೀರು ಸೇರಿದರೆ ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಚಪ್ಪಲಿಯ ಸಂಕಟದ ಮೂಲ ಆ ಹಾಳೆಗಳ ಸಂದಿನಲ್ಲಿದೆ.

ಉಬ್ಬಿ ಕುಗ್ಗುವ ನೆಲದ ಮೇಲೆ ಬಾಳುವೆ ಮಾಡುವವರಿಗೆ ಕೆಲವು ಸಂಗತಿಗಳು ಅಭ್ಯಾಸವಾಗಿ ಹೋಗಿವೆ. ಬೇಸಿಗೆಯಲ್ಲಿ "ನೆಲ ಬಾಯಿ ಬಿಟ್ಟದ" ಎನ್ನುತ್ತಾರೆ. ಆ ಬಾಯಿಯಲ್ಲಿ ಕುಡುಗೋಲು ಬಿದ್ದರೆ ಮಳೆಗಾಲದವರೆಗೆ ಆಸೆ ಬಿಡಬೇಕು. ಮನೆ ಕಟ್ಟುವಾಗ ಗರಸು ಸಿಗುವವರೆಗೆ ಪಾಯ ಅಗೆಯದೆ ಎರೆಯ ಮೇಲೆಯೇ ಗೋಡೆ ಏಳಿಸಿದ ಜಾಣನ ಮನೆಗೆ ಬಾಗಿಲಿನ ಮೂಲೆಯಿಂದ ಮಾಳಿಗೆಯವರೆಗೆ ಓರೆಯಾಗಿ ಒಂದು ಬಿರುಕು ಬರುತ್ತದೆ, ಸಿಮೆಂಟು ತುಂಬಿದರೆ ಮರುವರ್ಷ ಪಕ್ಕದಲ್ಲಿಯೇ ಇನ್ನೊಂದು ಬರುತ್ತದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಹೊಲದ ಕಲ್ಲು. ಬೇಸಿಗೆಯ ಬಿರುಕಿನಲ್ಲಿ ಮೇಲಿನ ಪುಡಿಮಣ್ಣು ಉದುರಿ ತಳ ಸೇರುತ್ತದೆ, ಮಳೆ ಬಿದ್ದು ತಳ ಉಬ್ಬಿದಾಗ ಜಾಗ ಸಾಲದೆ ಎಲ್ಲವನ್ನೂ ಮೇಲಕ್ಕೆ ನೂಕುತ್ತದೆ. ಹೀಗೆ ನೆಲ ತನ್ನನ್ನು ತಾನೇ ಮಗುಚಿಕೊಳ್ಳುವಾಗ ಆಳದ ಕಲ್ಲುಗಳು ವರ್ಷಕ್ಕಿಷ್ಟರಂತೆ ಮೇಲೇರುತ್ತವೆ. ಮಡ್ಡಿಗೆ, ಅಂದರೆ ಕಲ್ಲುನೆಲಕ್ಕೆ, ಹತ್ತಿದ ಹೊಲದಲ್ಲಿ ಬೇಸಿಗೆಯಿಡೀ ಕಲ್ಲು ಆರಿಸಿ ಬದುವಿಗೆ ಹಾಕಿ, ಮುಂದಿನ ಬೇಸಿಗೆಗೆ ಮತ್ತೆ ಅಷ್ಟೇ ಕಲ್ಲು ಕಂಡವರು "ಕಲ್ಲ ಬೆಳೀತಾವ" ಎಂದು ತೀರ್ಮಾನಿಸಿದ್ದರಲ್ಲಿ ತಪ್ಪೇನಿದೆ? ಬಿತ್ತದೆ, ಗೊಬ್ಬರ ಹಾಕದೆ, ಯಾವ ಬರಗಾಲಕ್ಕೂ ಕೈಕೊಡದೆ ಬರುವ ಬೆಳೆ ಈ ಸೀಮೆಯಲ್ಲಿ ಅದೊಂದೇ. ತೊಗರಿಗೆ 2019ರಲ್ಲಿ ಕಲಬುರಗಿಯ ಹೆಸರಿನಲ್ಲಿಯೇ ಭೌಗೋಳಿಕ ಗುರುತು ಸಿಕ್ಕಿತು. ಕಲ್ಲಿಗೆ ಯಾರೂ ಅರ್ಜಿ ಹಾಕಲಿಲ್ಲ.

ಆದರೆ ಆಳವಾದ ಎರೆಯ ಹೊಲದಲ್ಲಿ ಹುಡುಕಿದರೂ ಒಂದು ಕಲ್ಲು ಸಿಗುವುದಿಲ್ಲ, ಮತ್ತು ಅದರ ಕೊರತೆ ಕಾಣುವುದು ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ. ಬಿಳಿಜೋಳ ಎದೆಮಟ್ಟ ನಿಂತಿರುವಾಗ ಇಡೀ ಮನೆ ಬುತ್ತಿ ಕಟ್ಟಿಕೊಂಡು, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಹೊತ್ತು ಹೊಲಕ್ಕೆ ಬರುತ್ತದೆ. ಚರಗ ಚೆಲ್ಲುವ, ಅಂದರೆ ಹೊಲಕ್ಕೆ ಎಡೆ ಎರಚುವ, ಮೊದಲು ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ, ಸುಣ್ಣ ಹಚ್ಚಿ ಪೂಜಿಸಬೇಕು. ಆಗ ಹುಡುಗರನ್ನು ದೂರದ ಹಳ್ಳಕ್ಕೋ ಮಡ್ಡಿಗೋ ಪಾಂಡವರನ್ನು ತರಲು ಓಡಿಸಲಾಗುತ್ತದೆ. ಅವರು ತಂದ ಐದರಲ್ಲಿ ಒಂದು ಸದಾ ತೀರ ದೊಡ್ಡದು, ಅದು ಭೀಮ. ಒಂದು ಸದಾ ಬಿರುಕುಬಿಟ್ಟ ಉಳ್ಳಾಗಡ್ಡಿ ಕಲ್ಲು, ನೀರು ಚಿಮುಕಿಸಿದೊಡನೆ ಸಿಪ್ಪೆ ಕಳಚುವಂಥದ್ದು, ಅದನ್ನು ಸಹದೇವನೆಂದು ಕಡೆಗೆ ನಿಲ್ಲಿಸುತ್ತಾರೆ. ಆರು ಕೋಟಿ ವರ್ಷದ ಹಿಂದಿನವನು ಎಂದು ತಿಳಿದಿದ್ದರೆ ಧರ್ಮರಾಯನ ಪಕ್ಕದಲ್ಲಿಯೇ ಜಾಗ ಕೊಡುತ್ತಿದ್ದರೇನೋ.

ಕರಿಕಲ್ಲು ಎಲ್ಲ ಕಡೆಯೂ ಕರಿಮಣ್ಣೇ ಆಗುತ್ತದೆಂದು ತಿಳಿಯಬಾರದು. ಉತ್ತರಕ್ಕೆ ಬೀದರಿನ ಎತ್ತರದ ಬಯಲಿನಲ್ಲಿ ಅದೇ ಲಾವಾ, ಬೇರೊಂದು ಕಾಲದ ಧಾರಾಳ ಮಳೆಗೆ, ನಿಲ್ಲದೆ ಬಸಿದು ಹೋಗುವ ನೀರಿಗೆ ಸಿಕ್ಕಿ, ಕರಗಬಲ್ಲದ್ದೆಲ್ಲ ಕರಗಿ ಹೋಗಿ, ಕಬ್ಬಿಣವೂ ಅಲ್ಯೂಮಿನಿಯಮ್ಮೂ ಮಾತ್ರ ಉಳಿದು, ಕೆಂಪು ಜಂಬಿಟ್ಟಿಗೆಯಾಗಿದೆ. ಬೀದರಿನ ಕೋಟೆಯ ಕಂದಕ ಕಡಿದದ್ದು ಅದರಲ್ಲಿಯೇ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಕೋಟೆಗೆ ಹೋದ, ಇನ್ನೊಬ್ಬ ಹೊಲದಲ್ಲಿ ಉಳಿದ. ತಗ್ಗಿನಲ್ಲಿ ನೀರು ನಿಧಾನವಾದ್ದರಿಂದ ಸುಣ್ಣ, ಮೆಗ್ನೀಸಿಯಂಗಳು ಬಿಟ್ಟುಹೋಗದೆ ಉಳಿದು ಎರೆಯಾಯಿತು, ಹೆಚ್ಚಾದ ಸುಣ್ಣ ಮಣ್ಣಿನೊಳಗೆ ಬಿಳಿಯ ಹರಳುಗಳಾಗಿ ಗಂಟುಕಟ್ಟಿತು. ಕಪ್ಪಗಿರುವುದರಿಂದ ಅದರಲ್ಲಿ ಕೊಳೆತ ಎಲೆ ಗೊಬ್ಬರ ತುಂಬಿದೆಯೆಂದು ಬಗೆಯುವುದು ದಾರಿಹೋಕರ ತಪ್ಪು. ಬಣ್ಣ ಗಾಢವಾದರೂ ಅಂಥ ಸಾವಯವ ಅಂಶ ಅದರಲ್ಲಿ ಕಡಿಮೆಯೇ.

ಕಲ್ಲನ್ನು ತಿನ್ನುವ ಮಣ್ಣು ಕೆಲವೊಮ್ಮೆ ಕಲ್ಲನ್ನು ಕಾಯುತ್ತದೆ. ಜೇವರ್ಗಿಯಿಂದ ಭೀಮೆಯ ಹರಿವಿನೊಡನೆ ಕೆಳಗೆ ಹೋದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ಸಿಗುತ್ತದೆ. ಅದರ ಮಗ್ಗುಲಿನ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯವರು ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪದ ಸುಣ್ಣಕಲ್ಲಿನ ಹಲಗೆಗಳು ಹೊರಬಂದವು, ಅವುಗಳಲ್ಲೊಂದರ ಮೇಲೆ ಅಶೋಕನ ಚಿತ್ರವೂ ಬ್ರಾಹ್ಮಿಯಲ್ಲಿ ಅವನ ಹೆಸರೂ ಇದ್ದವು. ಲಿಂಬೆಹಣ್ಣಿಗೆ ಸೋಲುವ ಜಾತಿಯ ಕಲ್ಲು ಸುಮಾರು ಎರಡು ಸಾವಿರ ವರ್ಷ ಬಾಳಿದ್ದು ಬಹುಪಾಲು ಕಾಲ ಮಣ್ಣಿನಡಿ ಮುಖ ಮರೆಸಿಕೊಂಡಿದ್ದರಿಂದ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ದೊರೆತ ಅಶೋಕನ ಶಾಸನದ ಕಥೆ ಬೇರೆ: ಅದನ್ನು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿ, ನಡುವೆ ಚೌಕಾದ ತೂತು ಕೊರೆದು, ಒಂದಿಷ್ಟು ಅಕ್ಷರಗಳನ್ನು ಕಳೆಯಲಾಗಿತ್ತು. ಮಳೆ ಬಿಸಿಲುಗಳಿಗಿಂತ ಉಳಿ ಸುತ್ತಿಗೆಯೇ ಚುರುಕು. ಶಾಲೆಯ ಮೂರು ವಿಧಗಳಲ್ಲಿ ಇದನ್ನು ಎಲ್ಲಿಗೆ ಸೇರಿಸಬೇಕೆಂದು ಯಾವ ಮಾಸ್ತರರೂ ಹೇಳಿದಂತಿಲ್ಲ.

ಚಪ್ಪಲಿಯ ಮಾತು ಎಲ್ಲಿಯೋ ಬಿಟ್ಟುಹೋಯಿತು. ಆಳಂದ ತಾಲ್ಲೂಕಿನ ಹೊಲಗಳ ನೀರನ್ನು ಕೂಡಿಸಿಕೊಂಡು ಅಮರ್ಜಾ ತೆಂಕಣಕ್ಕೆ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಶ್ರೀ ನರಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಗಳಿಗೆ ಅಲ್ಲಿ ಪೂಜೆ. ಪಾದುಕೆಗೆ ನಮಸ್ಕರಿಸಲು ಬರುವವರು ತಮ್ಮ ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾದ್ದರಿಂದ ಮಳೆಗಾಲದಲ್ಲಿ ಗುಡಿಯ ಹೊರಗೆ ನೂರಾರು ಜೊತೆ ಚಪ್ಪಲಿಗಳು ತಮ್ಮ ತಮ್ಮ ಊರಿನ ಮಣ್ಣು ಹೊತ್ತು ಕಾಯುತ್ತಿರುತ್ತವೆ: ಸೊಲ್ಲಾಪುರದ ಎರೆ, ಬೀದರಿನ ಕೆಂಪು, ಸುರಪುರದ ಮಸಾರಿ. ತಿರುಗಿ ಬಂದವರು ಕಟ್ಟೆಯ ಕಲ್ಲಿಗೆ ಕಾಲು ತಿಕ್ಕಿ ಮಣ್ಣು ಬೀಳಿಸುತ್ತಾರೆ, ಮುಂದಿನ ಮಳೆ ಅದನ್ನು ಸಂಗಮಕ್ಕೆ ಒಯ್ಯುತ್ತದೆ, ಭೀಮೆ ಕೃಷ್ಣೆಗೆ ಕೊಡುತ್ತದೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಕರಗಿದ ಸುಣ್ಣವೂ ಅದರೊಡನೆ ಹೋಗಿ ಕಡಲ ತಳದಲ್ಲಿ ಕೂಡುತ್ತದೆ, ಶಹಾಬಾದಿನ ಕಲ್ಲು ಒಂದು ಕಾಲಕ್ಕೆ ಕೂಡಿದಂತೆ.

ಗಾಳಿಯಲ್ಲಿ ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನು ಇಳಿಸಲು ಕರಿಕಲ್ಲನ್ನು ಖಡಿ ಮಷೀನಿನಲ್ಲಿ ಹಿಟ್ಟು ಮಾಡಿ ಹೊಲಗದ್ದೆಗಳಿಗೆ ಚೆಲ್ಲುವ ಪ್ರಯೋಗ ಈಗ ದೇಶವಿದೇಶಗಳಲ್ಲಿ ನಡೆದಿದೆ. ಕಲ್ಲು ಶಿಥಿಲವಾಗುವಾಗ ಮಳೆನೀರಿನ ಹುಳಿಯನ್ನು ಕಟ್ಟಿಹಾಕುತ್ತದೆ ಎಂಬುದೇ ಅದರ ತತ್ತ್ವ. ಅದೇ ಕೆಲಸವನ್ನು ಬಿಡಿಗಾಸು ಕೇಳದೆ ಆರು ಕೋಟಿ ವರ್ಷದಿಂದ ಮಾಡುತ್ತ ಬಂದ ಸೀಮೆಗೆ ಯಾರಾದರೂ ಬಾಕಿ ಕೊಡುವುದಾದರೆ ಸದ್ಯಕ್ಕೆ ಒಂದು ಡಾಂಬರು ರಸ್ತೆ ಸಾಕು. ಅಲ್ಲಿಯವರೆಗೆ, ಶ್ರಾವಣದಲ್ಲಿ ಕಿಣ್ಣಿ ಸುಲ್ತಾನದ ಕಡೆ ಹೊಲದ ದಾರಿ ಹಿಡಿಯುವ ಓದುಗರು ಚಪ್ಪಲಿಯನ್ನು ಕಾಲಿಗಿಂತ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.